ಸೋಂಕಿನ ಕೊಂಡಿ ಎಲ್ಲಿ ಕಳಚುತ್ತದೆ?

ಬೆಂಗಳೂರಿನಿಂದ ತಿರುಪತಿ ಕಡೆಗೆ ಹೋಗುವ ಹೆದ್ದಾರಿಯಲ್ಲಿ ಕೋಲಾರ ಜಿಲ್ಲೆಯ ಮುಳಬಾಗಿಲು ದಾಟಿದರೆ ನಂಗಲಿ, ಅಲ್ಲಿಂದ ಮುಂದೆ ಆಂಧ್ರದ ಪಲಮನೇರು. ಗಡಿ ಎಂದಮೇಲೆ ಚೆಕ್‌ಪೋಸ್ಟು, ಚೆಕ್‌ಪೋಸ್ಟು ಎಂದಮೇಲೆ ಸಾಲುಗಟ್ಟಿದ ಲಾರಿಗಳು. ಇಂಥ ಊರುಗಳಲ್ಲಿ ಲೈಂಗಿಕ ರೋಗದ ಮಾತೆತ್ತಿದರೆ ಬೆರಳು ಡ್ರೈವರು, ಕ್ಲೀನರುಗಳ ಕಡೆಗೇ ತಿರುಗುತ್ತದೆ. ಬೈಸಿಕೊಂಡವನು ನಾಚಿಕೊಂಡು ಆಸ್ಪತ್ರೆಗೆ ತಡವಾಗಿ ಬರುತ್ತಾನೆ. ತಡವಾದಷ್ಟೂ ಸೋಂಕು ಹರಡುತ್ತದೆ. ಹರಡಿದಷ್ಟೂ ಬೈಗುಳ ಜಾಸ್ತಿ. ಈ ಸುತ್ತನ್ನು ಮುರಿಯಲು ಲೆಕ್ಕವೊಂದು ನೆರವಾಗುತ್ತದೆ.

ಒಬ್ಬರಿಂದ ಸರಾಸರಿ ಎಷ್ಟು ಮಂದಿಗೆ ಸೋಂಕು ದಾಟುತ್ತದೆ ಎಂಬುದು ಮೂರು ಅಂಶಗಳ ಗುಣಾಕಾರ: ಒಬ್ಬ ಸಂಗಾತಿಗೆ ದಾಟುವ ಸಾಧ್ಯತೆ, ಸಂಗಾತಿಗಳು ಬದಲಾಗುವ ವೇಗ, ಸೋಂಕು ಮೈಯಲ್ಲಿ ಉಳಿಯುವ ಕಾಲ. ಉತ್ತರ 1ಕ್ಕಿಂತ ಕೆಳಗಿಳಿದರೆ ಸೋಂಕು ತಾನಾಗಿಯೇ ಕ್ಷೀಣಿಸುತ್ತದೆ. ಉತ್ತರ 3 ಇದೆ ಎಂದಿಟ್ಟುಕೊಳ್ಳಿ. ಒಂದೇ ಅಂಶವನ್ನು ಮೂರನೇ ಒಂದು ಪಾಲು ತಗ್ಗಿಸಿದರೆ ಅದು 2ಕ್ಕೆ ಬರುತ್ತದೆ, ಸಾಲದು. ಮೂರನ್ನೂ ಅಷ್ಟಷ್ಟೇ ತಗ್ಗಿಸಿದರೆ ಸುಮಾರು 0.89. ಯಾವುದರಲ್ಲೂ ಪವಾಡ ನಡೆಯಬೇಕಿಲ್ಲ.

ಮೊದಲನೆಯದಕ್ಕೆ ಕಾಂಡೋಮ್ ಇದೆ. ಎರಡನೆಯದರ ಬಗ್ಗೆ ಉಪದೇಶ ಬೇಕಾದಷ್ಟು ಆಗಿದೆ. ನನ್ನ ಮಟ್ಟಿಗೆ ನಾವು ಕಡೆಗಣಿಸಿರುವುದು ಮೂರನೆಯದನ್ನು. ಗೊನೊರಿಯಾ, ಕ್ಲಮಿಡಿಯಾ ತಗುಲಿದ ಅನೇಕ ಹೆಂಗಸರಿಗೆ ಯಾವ ಲಕ್ಷಣವೂ ಕಾಣದು. ಗಂಡ ಮೆಡಿಕಲ್ ಸ್ಟೋರಿನಲ್ಲಿ ಎರಡು ಮಾತ್ರೆ ನುಂಗಿ ಹೊರಡುತ್ತಾನೆ, ಮನೆಯಲ್ಲಿರುವ ಹೆಂಡತಿಗೆ ಚಿಕಿತ್ಸೆಯೇ ಇಲ್ಲ. ಅವನು ಗುಣವಾಗಿದ್ದರೂ ಮುಂದಿನ ಸಲ ಊರಿಗೆ ಬಂದಾಗ ಅದೇ ಸೋಂಕು ಮತ್ತೆ ಅಂಟುತ್ತದೆ.

ಮೈಸೂರಿನ ಅನುಭವ ಇಲ್ಲಿ ಪಾಠ ಹೇಳುತ್ತದೆ. ಲೈಂಗಿಕ ವೃತ್ತಿಯ ಮಹಿಳೆಯರೇ ಮುಂದೆ ನಿಂತು ನಡೆಸಿದ ಅಶೋದಯ ಸಮಿತಿಯ ಕೆಲಸದಲ್ಲಿ ಗೆಳತಿಯರ ಮೂಲಕ ಸಂಪರ್ಕ, ಕ್ಲಿನಿಕ್, ಪೊಲೀಸರೊಂದಿಗೆ ಮಾತುಕತೆ ಎಲ್ಲವೂ ಜೊತೆಯಲ್ಲೇ ನಡೆದವು. ಕಾಂಡೋಮ್ ಇಟ್ಟುಕೊಂಡಿದ್ದಕ್ಕೇ ಹಿಡಿಯುತ್ತಾರೆಂಬ ಭಯವಿದ್ದರೆ ಯಾರು ತಾನೆ ಇಟ್ಟುಕೊಂಡಾರು? 2004 ಮತ್ತು 2006ರ ಸಮೀಕ್ಷೆಗಳನ್ನು ಹೋಲಿಸಿದಾಗ ಆ ಮಹಿಳೆಯರಲ್ಲಿ ಸಿಫಿಲಿಸ್ ಶೇ 25ರಿಂದ 12ಕ್ಕೆ ಇಳಿದಿತ್ತು. ಎಚ್‌ಐವಿ ಮಾತ್ರ ಶೇ 26ರಿಂದ 24, ಅಷ್ಟೇ.

ಹಾಗಾದರೆ ಎಚ್‌ಐವಿ ವಿಷಯದಲ್ಲಿ ಸೋತರೇ? ಕೋಲಾರದವರಿಗೆ ಕೆರೆಯ ಲೆಕ್ಕ ಗೊತ್ತು. ಸಿಫಿಲಿಸ್ ತೂಬಿರುವ ಕೆರೆ, ಪೆನ್ಸಿಲಿನ್ ಇಂಜೆಕ್ಷನ್ ಕೊಟ್ಟರೆ ಖಾಲಿಯಾಗುತ್ತದೆ. ಎಚ್‌ಐವಿಗೆ ತೂಬಿಲ್ಲ, ಹೊಸ ಒಳಹರಿವು ನಿಂತರೂ ಮಟ್ಟ ಬಹುಕಾಲ ಹಾಗೇ ಇರುತ್ತದೆ. ವೈರಸ್ಸನ್ನು ಹತ್ತಿಕ್ಕುವ ಎಆರ್‌ಟಿ ಮಾತ್ರೆಯಿಂದ ಜನ ಹೆಚ್ಚು ಕಾಲ ಬದುಕಿದಂತೆ ಒಟ್ಟು ಸಂಖ್ಯೆ ಏರಲೂಬಹುದು, ಅದು ಸಂತೋಷದ ಸುದ್ದಿಯೇ. ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ತಗ್ಗಿ ಹಾಗೆಯೇ ಉಳಿದವರಿಂದ ಲೈಂಗಿಕ ಸಂಪರ್ಕದಲ್ಲಿ ಎಚ್‌ಐವಿ ಹರಡುವುದಿಲ್ಲ.

ಮೈಸೂರಿನ ಅದೇ ಸಮೀಕ್ಷೆಗಳಲ್ಲಿ ಇನ್ನೊಂದು ಅಂಕಿ ಇದೆ. ಆಗೊಮ್ಮೆ ಈಗೊಮ್ಮೆ ಬರುವ ಗಿರಾಕಿಗಳೊಂದಿಗೆ ಕೊನೆಯ ಬಾರಿ ಕಾಂಡೋಮ್ ಬಳಸಿದವರು ಶೇ 65ರಿಂದ 90ಕ್ಕೆ ಏರಿದ್ದರು. ಕಾಯಂ ಸಂಗಾತಿಯ ವಿಷಯದಲ್ಲಿ ಬರೀ 7ರಿಂದ 30ಕ್ಕೆ. ನಂಬಿಕೆ ಇರುವ ಕಡೆಯೇ ರಕ್ಷಣೆ ಕಡಿಮೆ. ಹಾಗಾಗಿ ನಂಗಲಿಯಂಥ ಊರಿನಲ್ಲಿ ಹೆದ್ದಾರಿ ಬದಿಯ ಫಲಕದಷ್ಟೇ ಮುಖ್ಯವಾದದ್ದು ಮನೆಯಲ್ಲಿರುವ ಸಂಗಾತಿಗೂ ಮಾತ್ರೆ ತಲುಪಿಸುವುದು, ಬಸುರಿಯರ ಮೊದಲ ತಪಾಸಣೆಯಲ್ಲೇ ಸಿಫಿಲಿಸ್, ಎಚ್‌ಐವಿ ಪರೀಕ್ಷೆ ಮಾಡಿಸುವುದು.

ಸರ್ಕಾರಿ ಆಸ್ಪತ್ರೆಗಳ ‘ಸುರಕ್ಷಾ ಕ್ಲಿನಿಕ್’ಗಳಲ್ಲಿ ಲಕ್ಷಣಕ್ಕೆ ತಕ್ಕಂತೆ ಬಣ್ಣ ಬಣ್ಣದ ಔಷಧ ಕಿಟ್‌ಗಳು ಉಚಿತ, ಸಂಗಾತಿಯ ಚಿಕಿತ್ಸೆಯನ್ನೂ ಅಲ್ಲೇ ಕೇಳಬೇಕು. ಇಬ್ಬರ ಔಷಧವೂ ಮುಗಿದು, ವೈದ್ಯರು ಹೇಳಿದಷ್ಟು ದಿನ ಕಳೆಯುವವರೆಗೆ ಕೂಡಬಾರದು. ಎಚ್‌ಐವಿ ಪರೀಕ್ಷೆ ಐಸಿಟಿಸಿ ಎಂಬ ಆಪ್ತಸಮಾಲೋಚನೆ ಮತ್ತು ಪರೀಕ್ಷಾ ಕೇಂದ್ರಗಳಲ್ಲಿ ಗುಟ್ಟಾಗಿ, ಉಚಿತವಾಗಿ ನಡೆಯುತ್ತದೆ. ಸಂಪರ್ಕ ಇತ್ತೀಚಿನದಾಗಿದ್ದರೆ, ಮೊದಲ ಸಲ ಇಲ್ಲವೆಂದು ಬಂದರೂ ಮೂರು ತಿಂಗಳಾದ ಮೇಲೆ ಇನ್ನೊಮ್ಮೆ ಮಾಡಿಸಬೇಕು. ಅದಕ್ಕಾಗಿ ಮುಳಬಾಗಿಲಿಗೇ ಮರಳಬೇಕಿಲ್ಲ. ಲಾರಿ ಆ ಹೊತ್ತಿಗೆ ಯಾವ ರಾಜ್ಯದಲ್ಲಿದ್ದರೂ ಅಲ್ಲಿನ ಕೇಂದ್ರ ಆದೀತು. ಮಾಹಿತಿಗೆ 1097ಕ್ಕೆ ಫೋನ್ ಮಾಡಬಹುದು.