ಡಿಕ್ಕಿಯ ಜಾತಕ

ಅಗಲವಾದ ರಸ್ತೆ, ಸಿಗ್ನಲ್ ಇಲ್ಲದ ಜೀಬ್ರಾ ಪಟ್ಟೆ. ಹತ್ತಿರದ ಲೇನಿನ ಕಾರು ನಿಂತು ದಾರಿ ಬಿಡುತ್ತದೆ. ಪಾದಚಾರಿ ಹೊರಡುತ್ತಾನೆ. ಆದರೆ ಪಕ್ಕದ ಲೇನಿನಲ್ಲಿ ಬರುತ್ತಿರುವ ಕಾರಿಗೆ ಆತ ಕಾಣುವುದೇ ಇಲ್ಲ. ನಿಂತ ಕಾರೇ ಮರೆ.

ಪೊಲೀಸ್ ಕಡತದಲ್ಲಿ ಇದು ‘ಅಜಾಗರೂಕತೆ’ ಎಂದು ಮುಗಿದುಹೋಗಬಹುದು. ಅಮೆರಿಕದ ತಜ್ಞರು ಮಾತ್ರ ಇದಕ್ಕೆ ‘ಮಲ್ಟಿಪಲ್ ಥ್ರೆಟ್’ ಎಂದು ಹೆಸರಿಟ್ಟು ಬೇರೆಯೇ ಗುಂಪಿಗೆ ಸೇರಿಸಿದ್ದಾರೆ. ಯಾರು ಎತ್ತ ಹೊರಟಿದ್ದರು, ಎಲ್ಲಿ ಎದುರಾದರು ಎಂದು ನೋಡಿ ಡಿಕ್ಕಿಗಳನ್ನು ವಿಂಗಡಿಸುವ ಈ ಕೆಲಸ ಅಲ್ಲಿ 1970ರ ದಶಕದಲ್ಲೇ ಶುರುವಾಯಿತು. ಈಗ ಅದಕ್ಕೆಂದೇ ‘ಪಿಬಿಕ್ಯಾಟ್’ ಎಂಬ ಸಾಫ್ಟ್‌ವೇರ್ ಇದೆ. ನಾರ್ತ್ ಕೆರೊಲಿನಾ ರಾಜ್ಯ ತನ್ನ ಪಾದಚಾರಿ, ಸೈಕಲ್ ಅಪಘಾತಗಳನ್ನು ಹೀಗೆಯೇ ದಾಖಲಿಸುತ್ತ ಬಂದಿದೆ.

ಬಗೆ ತಿಳಿದರೆ ಮದ್ದು ಕೆಲವೊಮ್ಮೆ ತೀರ ಅಗ್ಗ. ವಾಹನ ನಿಲ್ಲುವ ಗೆರೆಯನ್ನು ಜೀಬ್ರಾದಿಂದ 20ರಿಂದ 50 ಅಡಿ ಹಿಂದೆ ಬಳಿದರೆ ಮರೆ ಕಡಿಮೆಯಾಗುತ್ತದೆ. ಖರ್ಚು ಬಹುಪಾಲು ಬಣ್ಣದ್ದೇ! ತಿರುಗುವ ವಾಹನಗಳು ಗುದ್ದುವ ಕಡೆ, ಪಾದಚಾರಿಗೆ ಕೆಲವು ಸೆಕೆಂಡು ಮೊದಲೇ ದಾಟಲು ಸಿಗ್ನಲ್ ಕೊಡುತ್ತಾರೆ.

ಸೈಕಲ್ ಸವಾರರಿಗೆ ಬೆನ್ನ ಹಿಂದಿನ ವಾಹನದ್ದೇ ಭಯ. ಆದರೆ 1977ರಲ್ಲಿ ಅಮೆರಿಕದಲ್ಲಿ ನಡೆದ ಅಧ್ಯಯನದಲ್ಲಿ ಕಂಡದ್ದು, ಹೆಚ್ಚಿನ ಡಿಕ್ಕಿಗಳು ಕೂಡುರಸ್ತೆ, ಗೇಟುಗಳ ಬಾಯಲ್ಲಿ ಆಗುತ್ತವೆ ಎಂದು. ಹಾಗೆಂದು ಆ ಭಯ ಸುಳ್ಳೇನಲ್ಲ: ಸಾವಿನ ಲೆಕ್ಕ ಹಾಕಿದಾಗ ಹಿಂದಿನಿಂದ ಬಂದ ವಾಹನದ ಪಾಲೇ ದೊಡ್ಡದಿತ್ತು.