ಬಾಳಿಕೆಯ ಸ್ಪೀಕರ್: ಮೊದಲ ಕೇಳ್ಮೆಯಿಂದಾಚೆಗೆ

ಹಾಡು ಕೇಳಿಸುವ ಸಾಧನಗಳಷ್ಟು ಬೇಗ ಮೂಲೆ ಸೇರುವ ವಸ್ತುಗಳು ಮನೆಯಲ್ಲಿ ಕಡಿಮೆ. ಗ್ರಾಮಫೋನ್ ತಟ್ಟೆ ಹೋಗಿ ಕ್ಯಾಸೆಟ್ ಬಂತು, ಕ್ಯಾಸೆಟ್ಟನ್ನು ಸಿ.ಡಿ. ನುಂಗಿತು, ಸಿ.ಡಿ.ಯ ಜಾಗವನ್ನು ಮೊಬೈಲ್ ಫೋನು ಹಿಡಿಯಿತು. ಈ ಮೆರವಣಿಗೆಯಲ್ಲಿ ಹೆಚ್ಚು ಬದಲಾಗದೆ ಉಳಿದಿರುವುದು ಸ್ಪೀಕರ್. ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯ ಚೆಸ್ಟರ್ ರೈಸ್ ಮತ್ತು ಎಡ್ವರ್ಡ್ ಕೆಲ್ಲಾಗ್ 1925ರಲ್ಲಿ ವಿವರಿಸಿದ ವ್ಯವಸ್ಥೆಯೇ ಇಂದಿಗೂ ಬಹುಪಾಲು ಸ್ಪೀಕರುಗಳ ಒಳಗಿದೆ. ಅಯಸ್ಕಾಂತದ ಸಂದಿಯಲ್ಲಿ ಒಂದು ತಂತಿಸುರುಳಿ. ಅದರಲ್ಲಿ ವಿದ್ಯುತ್ ಏರಿಳಿದಂತೆ ಸುರುಳಿ ಹಿಂದೆ ಮುಂದೆ ಸರಿಯುತ್ತದೆ. ಅದಕ್ಕೆ ಅಂಟಿಸಿದ ಕೋನ್ ಗಾಳಿಯನ್ನು ತಳ್ಳುತ್ತದೆ. ತತ್ವ ಇಷ್ಟೇ. ಹೀಗಾಗಿ ಒಂದು ಒಳ್ಳೆಯ ಜೋಡಿ 30-40 ವರ್ಷ ಮನೆಯಲ್ಲಿ ಬಾಳಬಹುದು. ಆದರೂ ಉಳಿತಾಯದ ಹಣ ಸುರಿದು ತಂದದ್ದನ್ನು ಎರಡೇ ವರ್ಷಕ್ಕೆ ಬೇಸತ್ತು ಮಾರುವವರಿದ್ದಾರೆ.

ತಪ್ಪು ಹೆಚ್ಚಾಗಿ ಅಂಗಡಿಯಲ್ಲೇ ಆಗುತ್ತದೆ. ಎರಡು ಜೋಡಿಗಳನ್ನು ಒಂದರ ಹಿಂದೊಂದು ನುಡಿಸಿದಾಗ, ಸ್ವಲ್ಪ ಜೋರಾಗಿ ಕೇಳಿದ್ದೇ ಚೆನ್ನಾಗಿದೆ ಎಂದು ಕಿವಿ ತೀರ್ಮಾನಿಸಿಬಿಡುತ್ತದೆ. ಕಿವಿಯ ಸ್ವಭಾವವೇ ಹಾಗೆ. ಬೇಸ್ ತುಸು ಉಬ್ಬಿಸಿ, ಟ್ರೆಬಲ್ ತುಸು ಚೂಪಾಗಿಸಿದ ಸ್ಪೀಕರ್ ಹತ್ತು ನಿಮಿಷದ ಪರೀಕ್ಷೆಯಲ್ಲಿ ಸುಲಭವಾಗಿ ಗೆಲ್ಲುತ್ತದೆ. ಮನೆಗೆ ಬಂದು ತಿಂಗಳಾದ ಮೇಲೆ ಗಾಯಕಿಯ ಸಕಾರ ಶಕಾರಗಳೆಲ್ಲ ಸೀಟಿಯಂತೆ ಕಿವಿಗೆ ತಾಗುತ್ತವೆ; ಮೃದಂಗದ ಎಡಭಾಗ ಡ್ರಮ್ ಬಡಿದಂತೆ ಗುಂಯ್‌ಗುಡುತ್ತದೆ. ಯಾರೂ ದೂರು ಹೇಳುವುದಿಲ್ಲ, ಆದರೆ ಸಂಗೀತ ಹಾಕುವುದೇ ಕಡಿಮೆಯಾಗುತ್ತದೆ.

ಈ ಕಷ್ಟವನ್ನು ಕೆಲಸದ ಭಾಗವಾಗಿಯೇ ಎದುರಿಸಿದ್ದು ಬ್ರಿಟನ್ನಿನ ಬಿ.ಬಿ.ಸಿ. ಅಲ್ಲಿನ ಎಂಜಿನಿಯರುಗಳು ದಿನವಿಡೀ ಸ್ಪೀಕರಿನ ಮುಂದೆ ಕೂರಬೇಕು. ಪ್ರಸಾರವಾಗುವ ದನಿಯಲ್ಲಿ ದೋಷವಿದ್ದರೆ ಅದನ್ನು ಸ್ಪೀಕರಿನಿಂದಲೇ ಗುರುತಿಸಬೇಕು. ದೋಷ ಸ್ಪೀಕರಿನದೇ ಆಗಿದ್ದರೆ? ಬಿ.ಬಿ.ಸಿ.ಗೆ ಒಂದು ಅನುಕೂಲವಿತ್ತು. ಮೂಲ ದನಿ ಪಕ್ಕದ ಕೋಣೆಯಲ್ಲೇ ಇತ್ತು. ಸ್ಟುಡಿಯೊದಲ್ಲಿ ಒಬ್ಬರು ಮಾತನಾಡುವುದು, ನಿಯಂತ್ರಣ ಕೊಠಡಿಯಲ್ಲಿ ಅದನ್ನೇ ಸ್ಪೀಕರಿನಲ್ಲಿ ಕೇಳುವುದು, ಎದ್ದು ಹೋಗಿ ನಿಜವಾದ ದನಿಯೊಂದಿಗೆ ಹೋಲಿಸುವುದು. ವಾದ್ಯವೃಂದಕ್ಕಿಂತ ಮಾತಿನ ದನಿ ಕಠಿಣ ಪರೀಕ್ಷಕ. ಹುಟ್ಟಿದಾಗಿನಿಂದ ಕೇಳುತ್ತ ಬಂದ ಮನುಷ್ಯನ ಮಾತಿನಲ್ಲಿ ಸ್ವಲ್ಪ ಮೂಗುದನಿ ಬೆರೆತರೂ, ಎದೆಯ ಗಡಸು ಹೆಚ್ಚಾದರೂ ಕಿವಿ ಒಪ್ಪುವುದಿಲ್ಲ.

ಈ ಪರೀಕ್ಷೆಗಳಿಂದ ತಿಳಿದ ಒಂದು ಸಂಗತಿ ಕಾಗದದ ಕೋನಿನದು. ಒಂದೇ ಕಾರ್ಖಾನೆಯ ಕಾಗದವೂ ಒಂದು ಕಂತಿನಲ್ಲಿ ಒಂದು ಬಗೆ, ಇನ್ನೊಂದು ಕಂತಿನಲ್ಲಿ ಇನ್ನೊಂದು ಬಗೆ. ಆದ್ದರಿಂದ ಸಂಶೋಧನಾ ವಿಭಾಗ ಬೆಕ್ಸ್ಟ್ರೀನ್ ಎಂಬ ಪ್ಲಾಸ್ಟಿಕ್ಕಿಗೆ, ಆಮೇಲೆ ಪಾಲಿಪ್ರೊಪಿಲೀನ್‌ಗೆ ತಿರುಗಿತು. ಆ ಕೆಲಸದಲ್ಲಿದ್ದವರೇ ಹೊರಬಂದು ಕಂಪನಿ ಕಟ್ಟಿದರು. ಸ್ಪೆನ್ಸರ್ ಹ್ಯೂಸ್ ತನ್ನ ಹೆಸರಿಗೆ ಹೆಂಡತಿ ಡೊರೊತಿಯ ಹೆಸರು ಬೆಸೆದು ‘ಸ್ಪೆಂಡರ್’ ಎಂದರು. ಡಡ್ಲಿ ಹಾರ್ವುಡ್ 1977ರಲ್ಲಿ ತನ್ನ ಹೆಸರಿಗೆ ಹೆಂಡತಿ ಎಲಿಜಬೆತ್‌ಳ ಹೆಸರು ಸೇರಿಸಿ ‘ಹಾರ್ಬೆತ್’ ಎಂದರು. ನಾಮಕರಣದಲ್ಲಿ ಮಾತ್ರ ಇಬ್ಬರಿಗೂ ಹೊಸ ಯೋಚನೆ ಹೊಳೆದಂತಿಲ್ಲ.

ಬಿ.ಬಿ.ಸಿ. ವಿನ್ಯಾಸಗಳಲ್ಲಿ ಹೆಚ್ಚು ಹೆಸರಾದದ್ದು ಎಲ್‌ಎಸ್ 3/5ಎ. ಸ್ಟುಡಿಯೊದ ಎಂಟನೇ ಒಂದಂಶದಷ್ಟು ಚಿಕ್ಕ ಮಾದರಿ ಕಟ್ಟಿ ಅದರೊಳಗೆ ಧ್ವನಿಪರೀಕ್ಷೆ ನಡೆಸಲು ಬೇಕಾಗಿದ್ದ ಪುಟ್ಟ ಸ್ಪೀಕರಿನಿಂದ ಈ ವಿನ್ಯಾಸ ಬೆಳೆಯಿತು. 1970ರ ದಶಕದ ನಡುಭಾಗದಲ್ಲಿ ಹೊರಾಂಗಣ ಪ್ರಸಾರದ ವ್ಯಾನುಗಳಿಗಾಗಿ ಅದು ಪೂರ್ಣರೂಪ ಪಡೆಯಿತು. ಎತ್ತರ ಸುಮಾರು 30 ಸೆಂಟಿಮೀಟರ್, ಅಗಲ 19; ದಪ್ಪ ನಿಘಂಟುಗಳ ಸಾಲಿನಲ್ಲಿ ಇಡಬಹುದು. ಪೆಟ್ಟಿಗೆ ತೆಳು ಪ್ಲೈವುಡ್ಡಿನದು, ಕಂಪನ ತಡೆಯಲು ಒಳಗೋಡೆಗೆ ಡಾಂಬರಿನ ಹಾಳೆ. ಒಳಗಿನ ಎರಡು ಘಟಕಗಳು, ಟಿ27 ಎಂಬ ಟ್ವೀಟರ್ ಮತ್ತು ಬಿ110 ಎಂಬ ವೂಫರ್, ಕೆ.ಇ.ಎಫ್. ಕಂಪನಿಯವು. ಇದು ಪವಾಡದ ಪೆಟ್ಟಿಗೆಯೇನಲ್ಲ. ಆಳದ ಬೇಸ್ ಇಲ್ಲ. ಇಲ್ಲದ್ದನ್ನು ಇದೆ ಎನಿಸಲು ಮೇಲಿನ ಬೇಸನ್ನು ತುಸು ಉಬ್ಬಿಸಲಾಗಿದೆ. ಸೂಕ್ಷ್ಮತೆ ಸುಮಾರು 83 ಡೆಸಿಬೆಲ್ ಮಾತ್ರ. 89 ಡೆಸಿಬೆಲ್‌ನ ಸ್ಪೀಕರಿನಷ್ಟು ಜೋರಾಗಿ ನುಡಿಯಲು ನಾಲ್ಕು ಪಟ್ಟು ವಿದ್ಯುತ್ ಬೇಕು. ಮದುವೆಮನೆಗೆ ಒಯ್ದರೆ ನಗೆಪಾಟಲು. ಆದರೆ ಚಿಕ್ಕ ಕೋಣೆಯಲ್ಲಿ ಕೂತರೆ ಹಾಡುವವರು ಎದುರಿಗೇ ಕುಳಿತಂತೆ.

ಅರ್ಧ ಶತಮಾನದ ನಂತರವೂ ಜನ ಇದನ್ನು ಹುಡುಕಿ ಕೊಳ್ಳುವುದಕ್ಕೆ ದನಿಯೊಂದೇ ಕಾರಣವಲ್ಲ. ಪರವಾನಗಿ ಪಡೆದ ರೋಜರ್ಸ್ ಮೊದಲಾದ ಕಂಪನಿಗಳು ಯಾವ ಜೋಡಿ ತಯಾರಿಸಿದರೂ ಅದು ಬಿ.ಬಿ.ಸಿ. ಹಾಕಿಕೊಟ್ಟ ಮಿತಿಗಳೊಳಗೆ ಇರಬೇಕಾಗಿತ್ತು. ಅಳತೆ ನಿಗದಿಯಾಗಿದ್ದರಿಂದ ರಿಪೇರಿ ಸಾಧ್ಯವಾಯಿತು. ಕೆ.ಇ.ಎಫ್. ಆ ಘಟಕಗಳನ್ನು ನಿಲ್ಲಿಸಿದಾಗ ಕಥೆ ಮುಗಿಯಿತು ಎಂದುಕೊಂಡವರಿದ್ದರು. ಆದರೆ ಅವನ್ನು ಮೊದಲು ವಿನ್ಯಾಸಗೊಳಿಸಿದ ಮಾಲ್ಕಂ ಜೋನ್ಸ್ ಸ್ಥಾಪಿಸಿದ್ದ ಫಾಲ್ಕನ್ ಅಕೌಸ್ಟಿಕ್ಸ್ ಎರಡನ್ನೂ ಹೊಸದಾಗಿ ತಯಾರಿಸಿತು.

ಬಾಳಿಕೆಯ ಪ್ರಶ್ನೆಗೆ ಇನ್ನೊಂದು ಮುಖವಿದೆ, ಅದು ಅಮೆರಿಕದ ಅಕೌಸ್ಟಿಕ್ ರಿಸರ್ಚ್ ಕಂಪನಿಯ ಕಥೆಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎಡ್ಗರ್ ವಿಲ್ಚರ್ 1954ರಲ್ಲಿ ಹೊರತಂದ ಎಆರ್-1, ಗಾಳಿಯಾಡದಂತೆ ಮುಚ್ಚಿದ ಚಿಕ್ಕ ಪೆಟ್ಟಿಗೆಯಿಂದಲೂ ಆಳದ ಬೇಸ್ ಬರಿಸಬಹುದೆಂದು ತೋರಿಸಿತು. ಒಳಗೆ ಸಿಕ್ಕಿಕೊಂಡ ಗಾಳಿಯೇ ಕೋನಿಗೆ ಸ್ಪ್ರಿಂಗ್. ಅದರ ಆರಂಭದ ಮಾದರಿಗಳಲ್ಲಿ ಕೋನನ್ನು ಚೌಕಟ್ಟಿಗೆ ಹಿಡಿದಿದ್ದ ಅಂಚುಪಟ್ಟಿ ಬಟ್ಟೆಯದು. ಮುಂದೆ ಫೋಮ್ ಬಂತು. ಫೋಮ್ ಹಗುರ, ಅಗ್ಗ. ಆದರೆ ಪಾಲಿಯುರಿಥೇನ್ ಫೋಮನ್ನು ಗಾಳಿಯ ತೇವವೇ ಮೆಲ್ಲಗೆ ಒಡೆಯುತ್ತದೆ. ಸಾಮಾನ್ಯವಾಗಿ ಹತ್ತಿಪ್ಪತ್ತು ವರ್ಷಕ್ಕೆ ಅದು ಅಂಟಂಟಾಗಿ, ಕೊನೆಗೆ ಪುಡಿಯಾಗುತ್ತದೆ. ಸೆಕೆ, ತೇವ ಎರಡೂ ಸೇರುವ ಕರಾವಳಿಯಂಥ ಕಡೆ ಇನ್ನೂ ಬೇಗ. ಹೀಗೆ ಬಟ್ಟೆಯ ಅಂಚಿನ ಹಳೆಯ ಮಾದರಿ ನುಡಿಯುತ್ತಿರುವಾಗ ಫೋಮಿನ ಹೊಸ ಮಾದರಿ ಮೂಕವಾದ ವಿಚಿತ್ರವೂ ನಡೆದಿದೆ. ಒಳ್ಳೆಯ ರಬ್ಬರಿನ ಅಂಚು ಇದಕ್ಕಿಂತ ಬಹುಕಾಲ ತಾಳುತ್ತದೆ. ಕ್ರಾಸ್‌ಓವರಿನ ಎಲೆಕ್ಟ್ರೊಲಿಟಿಕ್ ಕೆಪಾಸಿಟರುಗಳೂ ದಶಕಗಳಲ್ಲಿ ಒಣಗುತ್ತವೆ, ಆದರೆ ಬೆಸುಗೆ ಬಲ್ಲವರು ಅವನ್ನು ಅರ್ಧ ದಿನದಲ್ಲಿ ಬದಲಾಯಿಸಬಲ್ಲರು. ಆಂಪ್ಲಿಫೈಯರು, ಬ್ಲೂಟೂತ್ ಎಲ್ಲವನ್ನೂ ಒಳಗೇ ತುಂಬಿದ ಸ್ಪೀಕರಿನ ಮಾತು ಬೇರೆ: ಒಂದು ಚಿಪ್ ಕೆಟ್ಟು ಬದಲಿ ಸಿಗದಿದ್ದರೆ, ಗಟ್ಟಿಮುಟ್ಟಾದ ಕೋನೂ ಅಯಸ್ಕಾಂತವೂ ಗುಜರಿಗೇ.

ಆದ್ದರಿಂದ ಕೊಳ್ಳುವವರು ಅಂಗಡಿಯವರ ಥಳಕಿನ ಡಿಸ್ಕ್ ಬಿಟ್ಟು, ತಮಗೆ ಚೆನ್ನಾಗಿ ಪರಿಚಯವಿರುವ ಒಂದು ದನಿಯನ್ನು ಒಯ್ಯುವುದು ಲೇಸು. ವಾರ್ತೆ ಓದುವ ದನಿಯಾದರೂ ಆದೀತು, ತಂಬೂರಿಯ ಜೊತೆಗಿನ ಆಲಾಪವಾದರೂ ಆದೀತು. ಎರಡೂ ಜೋಡಿಗಳ ಸದ್ದನ್ನು ಸಮ ಮಾಡಿಸಿ, ಮನೆಯಲ್ಲಿ ರಾತ್ರಿ ಕೇಳುವಷ್ಟು ಮೆಲ್ಲಗೆ ಕೇಳಬೇಕು. ತಂಬೂರಿಯ ನಾಲ್ಕು ತಂತಿ ನಾಲ್ಕಾಗಿ ಕೇಳುತ್ತವೆಯೇ, ಗುಂಜಾರವೊಂದೇ ಉಳಿಯುತ್ತದೆಯೇ? ಗೋಡೆ, ಮೂಲೆಗಳು ಬೇಸನ್ನು ಹಿಗ್ಗಿಸುವುದರಿಂದ ಮನೆಯಲ್ಲೇ ಒಂದು ವಾರ ಇಟ್ಟು ನೋಡಲು ಬಿಟ್ಟರೆ ಇನ್ನೂ ಒಳ್ಳೆಯದು.

ಹಳೆಯ ಜೋಡಿ ಕೊಳ್ಳುವುದಾದರೆ ಮುಂದಿನ ಬಟ್ಟೆ ತೆಗೆಸಿ ಕೋನಿನ ಅಂಚನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿದರೆ ಸಾಕು. ಪುಡಿ ಅಂಟಿದರೆ ಬೆಲೆಯಲ್ಲಿ ರಿಪೇರಿಯ ಖರ್ಚು ಕಳೆಯಬೇಕು. ಹೊಸ ಅಂಚುಪಟ್ಟಿ ದುಬಾರಿಯಲ್ಲ, ಅಂಟಿಸುವ ಕೈ ಪಳಗಿರಬೇಕಷ್ಟೆ: ಸುರುಳಿ ಕೂದಲೆಳೆಯಷ್ಟು ಓರೆಯಾದರೂ ಅಯಸ್ಕಾಂತಕ್ಕೆ ಉಜ್ಜಿ, ಮೆಲ್ಲನೆಯ ಹಾಡಿನಲ್ಲೂ ಕರಕರ ಸದ್ದು ಬರುತ್ತದೆ.