ಕಾರಿಗೆ ಚಾರ್ಜ್ ಏರುತ್ತಿಲ್ಲವೇ? ಮೊದಲು ಮನೆಯ ಅರ್ಥಿಂಗ್ ನೋಡಿ

ಹೊಸ ಎಲೆಕ್ಟ್ರಿಕ್ ಕಾರಿನ ಕೇಬಲ್ ತಂದು ಮನೆಯ ಪವರ್ ಪ್ಲಗ್‌ಗೆ ಹಾಕಿದರೆ ಕೆಲವೊಮ್ಮೆ ಚಾರ್ಜರ್ ಡಬ್ಬಿಯಲ್ಲಿ ಕೆಂಪು ದೀಪ ಹತ್ತಿಕೊಳ್ಳುತ್ತದೆ. ಅದೇ ಸಾಕೆಟ್‌ನಲ್ಲಿ ಇಸ್ತ್ರಿಪೆಟ್ಟಿಗೆ ಕಾಯುತ್ತದೆ, ವಾಷಿಂಗ್ ಮೆಷಿನ್ ತಿರುಗುತ್ತದೆ. ಹಾಗಾಗಿ ಕಾರೇ ಕೆಟ್ಟಿದೆ ಎಂದು ಶೋರೂಮಿಗೆ ಫೋನ್ ಹೋಗುತ್ತದೆ. ಆದರೆ ಎಷ್ಟೋ ಸಲ ಕೆಟ್ಟಿರುವುದು ಮನೆಯ ಅರ್ಥಿಂಗ್.

ಇಸ್ತ್ರಿಪೆಟ್ಟಿಗೆಗೆ ಫೇಸ್, ನ್ಯೂಟ್ರಲ್ ಸಿಕ್ಕರೆ ಸಾಕು. ಮೂರನೇ ತಂತಿ ಇಲ್ಲದಿದ್ದರೂ ಅದು ಕಾಯುತ್ತದೆ. ಕೇಬಲ್ ನಡುವಿನ ಡಬ್ಬಿ ಹಾಗಲ್ಲ, ಅದು ಇರುವುದೇ ತಪಾಸಣೆಗೆ. ಎಸಿಯನ್ನು ಡಿಸಿ ಮಾಡಿ ಬ್ಯಾಟರಿ ತುಂಬುವ ನಿಜವಾದ ಚಾರ್ಜರ್ ಕಾರಿನೊಳಗೇ ಇದೆ. ಡಬ್ಬಿ ಮೊದಲು ಅರ್ಥ್ ಇದೆಯೇ ನೋಡುತ್ತದೆ. ಆಮೇಲೆ ಕಾರಿಗೆ ಸಿಕ್ಕಿಸುವ ಗನ್‌ನಲ್ಲಿರುವ ಪೈಲಟ್ ಎಂಬ ಸಣ್ಣ ಪಿನ್ನಿಗೆ 12 ವೋಲ್ಟ್ ಕೊಡುತ್ತದೆ. ಗನ್ ಸಿಕ್ಕಿಸಿದಾಗ ಕಾರು ಅದನ್ನು 9ಕ್ಕೆ ಇಳಿಸುತ್ತದೆ. ಆಗ ಡಬ್ಬಿ ಸೆಕೆಂಡಿಗೆ 1000 ಮಿಡಿತಗಳನ್ನು ಕಳುಹಿಸುತ್ತದೆ, ಒಂದೊಂದು ಮಿಡಿತದ ಅಗಲದಿಂದಲೇ ಎಷ್ಟು ಆಂಪಿಯರ್ ಎಳೆಯಬಹುದೆಂದು ಕಾರಿಗೆ ಗೊತ್ತಾಗುತ್ತದೆ. ಕಾರು 6 ವೋಲ್ಟ್‌ಗೆ ಇಳಿಸಿ ಸಿದ್ಧ ಎಂದ ಮೇಲೆಯೇ ಡಬ್ಬಿಯೊಳಗಿನ ರಿಲೇ 'ಟಕ್' ಎಂದು ಕೂಡಿಕೊಂಡು ಕರೆಂಟು ಹರಿಯುವುದು.

ಇಷ್ಟು ಬಿಗಿ ಯಾಕೆಂದರೆ ಕಾರು ನಿಂತಿರುವುದು ರಬ್ಬರ್ ಟೈರುಗಳ ಮೇಲೆ. ಒಳಗೆಲ್ಲೋ ಫೇಸ್ ಬಾಡಿಗೆ ತಾಗಿದರೆ ಆ ಕರೆಂಟಿಗೆ ನೆಲ ಸೇರಲು ಅರ್ಥ್ ತಂತಿಯೇ ದಾರಿ. ಅದಿದ್ದರೆ 30 ಮಿಲಿಆಂಪಿಯರ್ ಸೋರಿದೊಡನೆ, ಸೋರಿಕೆ ಕಂಡರೆ ಕರೆಂಟು ಕಡಿಯುವ ಸ್ವಿಚ್ಚಾದ ಆರ್‌ಸಿಸಿಬಿ ಬೀಳುತ್ತದೆ. ಇಲ್ಲದಿದ್ದರೆ ಮಳೆಯಲ್ಲಿ ನೆನೆದ ಅಂಗಳದಲ್ಲಿ ನಿಂತು ಬಾಗಿಲು ಮುಟ್ಟಿದವರ ಮೈಯೇ ದಾರಿಯಾಗುತ್ತದೆ.

ಕೆಲವರು ಸಾಕೆಟ್ ಹಿಂದೆ ನ್ಯೂಟ್ರಲ್‌ಗೂ ಅರ್ಥ್‌ಗೂ ಒಂದು ತುಂಡು ವೈರ್ ಜೋಡಿಸಿ ಹಸಿರು ದೀಪ ಬರಿಸಿಬಿಡುತ್ತಾರೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಕಂಬದಲ್ಲೋ ಮೀಟರ್ ಬೋರ್ಡಿನಲ್ಲೋ ನ್ಯೂಟ್ರಲ್ ಕಡಿದರೆ, ಮನೆಯ ಫ್ರಿಜ್ಜು ಬಲ್ಬುಗಳ ಮೂಲಕ ಹಾದ ಫೇಸ್ ನೇರ ಕಾರಿನ ಬಾಡಿಗೆ ಬರುತ್ತದೆ. ಎಲೆಕ್ಟ್ರಿಷಿಯನ್ ಕೈಯಲ್ಲಿ ಮಲ್ಟಿಮೀಟರ್ ಹಿಡಿಸಿ ಅಳೆಸಿ. ಫೇಸ್-ನ್ಯೂಟ್ರಲ್ ನಡುವೆ 230 ವೋಲ್ಟ್ ಆಸುಪಾಸು ಇದ್ದರೆ ಫೇಸ್-ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಇರಬೇಕು, ನ್ಯೂಟ್ರಲ್-ಅರ್ಥ್ ನಡುವೆ ಒಂದೆರಡು ವೋಲ್ಟ್. ಅದು ಹತ್ತಾರು ವೋಲ್ಟ್ ತೋರಿಸಿದರೆ ಸಾಕೆಟ್ಟಿನ ಅರ್ಥ್ ಸ್ಕ್ರೂ ಸಡಿಲವಾಗಿದೆ, ಇಲ್ಲವೇ ತಂತಿ ನಡುವೆಲ್ಲೋ ತುಂಡಾಗಿದೆ, ಅಥವಾ ಉಪ್ಪು-ಇದ್ದಿಲು ತುಂಬಿದ ಹಳೆಯ ಅರ್ಥ್ ಗುಂಡಿ ಒಣಗಿದೆ. ಗುಂಡಿಗೆ ನಾಲ್ಕು ಕೊಡ ನೀರು ಹಾಕಿದರೆ ಕೆಲವು ದಿನ ಸುಧಾರಿಸಬಹುದು. ಮತ್ತೆ ಮತ್ತೆ ಹಾಗಾಗುತ್ತಿದ್ದರೆ ಹೊಸ ಅರ್ಥಿಂಗ್ ಮಾಡಿಸಲೇಬೇಕು.

ಇನ್ನೊಂದು ತೊಂದರೆ ಶಾಖ. ಗೀಸರ್ 20 ನಿಮಿಷ ಉರಿದು ಆರುತ್ತದೆ. 30 ಕಿಲೋವ್ಯಾಟ್-ಅವರ್ ಬ್ಯಾಟರಿ ತುಂಬಲು ಅದೇ ಸಾಕೆಟ್ 15 ಆಂಪಿಯರನ್ನು ಒಂಬತ್ತು ಗಂಟೆ ಹೊರಬೇಕು. ಪಿನ್ನು ಸಡಿಲವಿದ್ದು 0.1 ಓಮ್ ತಡೆಯಿದ್ದರೂ 22 ವ್ಯಾಟ್‌ಗಿಂತ ಹೆಚ್ಚು ಶಾಖ ಬೆರಳ ತುದಿಯಷ್ಟು ಜಾಗದಲ್ಲಿ ರಾತ್ರಿಯಿಡೀ ಹುಟ್ಟುತ್ತದೆ. ಪಿನ್ನಿನ ಸುತ್ತ ಪ್ಲಾಸ್ಟಿಕ್ ಕಂದುಬಣ್ಣಕ್ಕೆ ತಿರುಗುವುದು ಇದರಿಂದಲೇ. ಎರಡು ಗಂಟೆ ಸರಿಯಾಗಿ ನಡೆದು ಆಮೇಲೆ ಎಂಸಿಬಿ ಬೀಳುತ್ತಿದ್ದರೂ ಮೊದಲು ಶಾಖವನ್ನೇ ಅನುಮಾನಿಸಿ. ಚಾರ್ಜಿಗೆ ಹಾಕಿ ಒಂದು ಗಂಟೆಯಾದ ಮೇಲೆ ಪ್ಲಗ್ಗಿನ ಹೊರಮೈ ಮುಟ್ಟಿ ನೋಡಿ. ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಎಂಸಿಬಿ ಇಳಿಸಿ, ಸಾಕೆಟ್ ಬದಲಿಸಿ. ಕಾರಿಗೆಂದೇ ಬೋರ್ಡಿನಿಂದ ಬೇರೆ 4 ಚದರ ಮಿಲಿಮೀಟರ್ ತಾಮ್ರದ ವೈರ್, ಬೇರೆ ಎಂಸಿಬಿ, ಆರ್‌ಸಿಸಿಬಿ ಹಾಕಿಸುವುದು ಉತ್ತಮ. ಎಕ್ಸ್‌ಟೆನ್ಶನ್ ಬಾಕ್ಸ್ ಬೇಡವೇ ಬೇಡ.

ಸಂಜೆ ನಿಂತ ಚಾರ್ಜಿಂಗ್ ನಡುರಾತ್ರಿ ತಾನೇ ಶುರುವಾಗುತ್ತಿದ್ದರೆ ಕಾರಣ ಲೋ ವೋಲ್ಟೇಜ್ ಇರಬಹುದು, ಇಲ್ಲವೇ ಆ್ಯಪ್‌ನಲ್ಲಿ ಯಾರೋ ಟೈಮರ್ ಇಟ್ಟಿರಬಹುದು. ಮೆಕ್ಯಾನಿಕ್‌ನನ್ನು ಕರೆಯುವ ಮೊದಲು ಇವೆರಡನ್ನೂ ನೋಡಿಕೊಳ್ಳಿ.